ಹಗುರಾದ ಅತ್ತರು

ಒಂದು ಪೇಟೆಯಲ್ಲಿ ಅತ್ತರು ಮಾರುವ ಒಬ್ಬ ಸಾಹುಕಾರನಿದ್ದ. ಅವನ ತಂದೆ ಕೇದಿಗೆ, ಲಾವಂಚ, ಗಂಧದೆಣ್ಣೆ ಕೂಡಿಸಿ ಒಂದು ಅತ್ತರು ಮಾಡಿದ್ದ. ಸುತ್ತಲ ಊರುಗಳಲ್ಲಿ ಆ ಅತ್ತರಿಲ್ಲದೆ ಮದುವೆ ಆಗುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಬೀಗರ ಮುಂಗೈಗೆ ಒಂದಿಷ್ಟು ಸವರಿದರೇ ಅದು ಮರ್ಯಾದೆ.

ತಂದೆ ಅದನ್ನು ಕಡ್ಡಿಯ ತುದಿಯಲ್ಲಿ ಮುಟ್ಟಿಸಿಕೊಳ್ಳುತ್ತಿದ್ದ. ಮಗ? ಮೊದಮೊದಲು ಅವನೂ ಹಾಗೆಯೇ. ಆದರೆ ನೋಡಿ, ಮೂಗಿನ ಸ್ವಭಾವ ಬಹಳ ವಿಚಿತ್ರ. ದಿನಾ ಬರುವ ವಾಸನೆಯನ್ನು ಅದು ಮರೆತುಬಿಡುತ್ತದೆ. ವಾಸನೆ ಬರುತ್ತಿಲ್ಲ ಎಂದು ಇವನು ಇನ್ನಷ್ಟು ಹಚ್ಚಿಕೊಂಡ. ಆಮೇಲೆ ಇನ್ನಷ್ಟು. ಕಡೆಗೆ ಅಂಗಿಗೆ, ಶಲ್ಯಕ್ಕೆ, ಕಿವಿಯಲ್ಲಿಡುವ ಹತ್ತಿಗೆ, ಎಲ್ಲಕ್ಕೂ ಅತ್ತರು! ಅವನು ಬಂದರೆ ಜನ ಸರಿದು ದಾರಿ ಬಿಡುತ್ತಿದ್ದರು. ಪಾಪ, ಅದು ತನಗೆ ಕೊಡುವ ಗೌರವ ಅಂದುಕೊಂಡಿದ್ದ.

ಅವನಿಗೆ ಯಾವ ಕೊರತೆ ಇತ್ತು ಹೇಳಿ? ಒಂದೇ ಒಂದು. ಹೆಂಡತಿ ಪಕ್ಕದಲ್ಲಿ ಕೂರುತ್ತಿರಲಿಲ್ಲ. ಚಹಾ ತಂದು ದೂರದ ಸ್ಟೂಲಿನ ಮೇಲಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಯಾವ ತಪ್ಪಿಗೆ ಈ ಮುನಿಸು? ಸೀರೆ ತಂದ, ಬಳೆ ಮಾಡಿಸಿದ. ಉಟ್ಟಳು, ತೊಟ್ಟಳು, ಹತ್ತಿರ ಮಾತ್ರ ಬರಲಿಲ್ಲ. ಅದೊಂದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಹೀಗಿರುವಾಗ ಅಂಗಡಿ ನೋಡಿಕೊಳ್ಳುತ್ತಿದ್ದ ಸೊಸೆ ಒಂದು ಸಣ್ಣ ಶೀಶೆ ತಂದಳು.

"ಮಾವಾರ, ಇದು ನಮ್ಮ ಹಳೇ ಅತ್ತರನ ಐತ್ರಿ. ಗಂಧದೆಣ್ಣಿ ಅಷ್ಟ ಕಡಿಮಿ ಮಾಡಿ, ಸ್ವಲ್ಪ ನಿಂಬಿ ಹೂವಿನ ಘಮ ಕೂಡಿಸೇನಿ. ಈಗಿನ ಮಂದಿ ಹಗುರಂದು ಕೇಳತಾರ್ರಿ."

ಸಾಹುಕಾರನ ಮುಖ ಕೆಂಪಾಯಿತು. "ನಮ್ಮಪ್ಪನ ಅತ್ತರಿಗೆ ಕೈ ಹಚ್ಚಿದೇನು? ಇದು ಬರೇ ನೀರು! ನಾನ ಹಚ್ಚಿಕೊಂಡು ತೋರಸ್ತೀನಿ, ಒಬ್ಬರ ಮೂಗಿಗಾದರೂ ಬರತೈತೇನು ನೋಡೋಣ."

ಹಟಮಾರಿ ನೋಡಿ. ತಲೆಗೆ ಸ್ನಾನ ಮಾಡಿದ, ಪೆಟ್ಟಿಗೆಯಿಂದ ಹೊಸ ಅಂಗಿ ತೆಗೆದು ತೊಟ್ಟ, ಸೊಸೆಯ ಅತ್ತರು ಮುಟ್ಟಿಸಿಕೊಂಡು ಪಡಸಾಲೆಯ ಜಮಖಾನದ ಮೇಲೆ ಕೂತ. ಸೊಸೆಯನ್ನು ಸೋಲಿಸುವ ಹುರುಪು.

ಹೆಂಡತಿ ಚಹಾ ತಂದಳು. ಸ್ಟೂಲಿನ ಹತ್ತಿರ ನಿಂತಳು. ಒಂದು ಸಲ ಉಸಿರೆಳೆದುಕೊಂಡಳು. ಆಮೇಲೆ ಬಂದು ಅವನ ಪಕ್ಕದಲ್ಲೇ ಕೂತಳು.

ಅವನು ಚಹಾದ ಬಸಿ ಕೆಳಗಿಟ್ಟು ಅವಳತ್ತ ತಿರುಗಿದ. "ಇವತ್ತೇನು ಇಲ್ಲೇ ಕುಂತಿ?"

"ಇವತ್ತ ತಲಿ ನೋಯವಲ್ದುರೀ."

"ಅಯ್ಯ, ಇಷ್ಟ ವರ್ಷ ಒಂದು ಮಾತು ಹೇಳಬಾರದಿತ್ತ?"

"ಹೇಳಿದ್ನೆಲ್ರಿ. ಮದುವಿಯಾದ ವರ್ಷನ ಹೇಳಿದ್ದೆ. ಅತ್ತರಿನ ಮನಿಗೆ ಬಂದಾಕಿಗೆ ಅತ್ತರ ಆಗಂಗಿಲ್ಲಂದ್ರ ಹೆಂಗ ಅಂತ ನಕ್ಕಬಿಟ್ರಿ. ನಾ ಮತ್ತ ಹೇಳಲಿಲ್ಲ."

ಸಾಹುಕಾರನಿಗೆ ಅಳು ಬಂತು. ಹರೆಯದಲ್ಲಿ ಬಂದ ಹೆಂಡತಿಗೆ ಈಗ ತಲೆಯೆಲ್ಲ ಬೆಳ್ಳಗಾಗಿತ್ತು. ಅಷ್ಟು ಕಾಲ ಹೋಯಿತಲ್ಲ! ಅದನ್ನು ಯಾವ ಅಂಗಡಿಯಲ್ಲಿ ಕೊಂಡು ತರುತ್ತಾನೆ?

ತಾಯಂದಿರೇ, ಅಣ್ಣಂದಿರೇ, ಆ ಅತ್ತರು ಕೆಟ್ಟದ್ದೇ? ಅಲ್ಲ. ಚಿನ್ನದಂಥ ಅತ್ತರು. ನಿಮ್ಮ ಬುದ್ಧಿಮಾತೂ ಒಳ್ಳೆಯದೇ. ನಿಮ್ಮ ಮಡಿ ಒಳ್ಳೆಯದು, ನಿಮ್ಮ ಶಿಸ್ತು ಒಳ್ಳೆಯದು, ಮಕ್ಕಳ ಮೇಲಿನ ಕಾಳಜಿಯಂತೂ ಕೇಳುವುದೇ ಬೇಡ. ಆದರೆ ಎಷ್ಟು ಸುರಿಯುತ್ತಿದ್ದೀರಿ? ಮಗ ಒಂದು ತುತ್ತು ಬಾಯಿಗಿಡುವಷ್ಟರಲ್ಲಿ ನಾಲ್ಕು ಉಪದೇಶ! ಅವನು ತಟ್ಟೆ ಎತ್ತಿಕೊಂಡು ಕೋಣೆಗೆ ಹೋದರೆ, ಕಾಲ ಕೆಟ್ಟಿತು ಅನ್ನುತ್ತೀರಿ. ಕಾಲ ಕೆಟ್ಟಿಲ್ಲ, ಅವನಿಗೆ ತಲೆನೋವು ಬಂದಿದೆ. ನಮ್ಮದು ಹೆಚ್ಚಾದದ್ದು ನಮಗೆ ತಿಳಿಯುವುದಿಲ್ಲ. ಹತ್ತಿರ ಇರುವವರೇ ಹೇಳಬೇಕು.

ಇವತ್ತು ಮನೆಗೆ ಹೋಗಿ ಊಟಕ್ಕೆ ಕೂತಾಗ ಕೇಳಿ: "ನನ್ನದು ನಿನಗೆ ಯಾವುದು ಹೆಚ್ಚಾಯಿತು?" ಹೇಳಿದರೆ ವಾದ ಮಾಡಬೇಡಿ, ನಾಳೆಯಿಂದ ಅದನ್ನು ಕಡಿಮೆ ಮಾಡಿ. "ಏನೂ ಇಲ್ಲ ಬಿಡಿ" ಎಂದು ಎದ್ದು ಹೋದರೆ ಸಮಾಧಾನಪಡಬೇಡಿ. ಅವರು ಎಂದೋ ಹೇಳಿ ಸಾಕಾಗಿ ಬಿಟ್ಟಿದ್ದಾರೆ. ಹಿಂದೆಯೇ ಹೋಗಿ, ಇನ್ನೊಂದು ಸಲ ಕೇಳಿ.