ವಿಮಾನ ಬಿದ್ದದ್ದು ಅಲ್ಲಿ, ಹರಕಿ ಹೊತ್ತದ್ದು ಇಲ್ಲಿ

…ಗುಡ್ಡ ಕಣ್ಣ ಮುಂದ ಐತಿ, ದಾರಿ ಮಾತ್ರ ಇಲ್ಲ, ನೋಡ್ರಿ. ಅಂಥಾ ಪರಿಸ್ಥಿತಿ ನಂದು. ಹರಪನಹಳ್ಳಿಯಿಂದ ಕರಕೊಂಡು ಬಂದ ಆಟೋದಾಂವ "ಇನ್ನೂ ಮುಂದಕ್ಕ ಐತ್ರೀ ಅಮ್ಮಾರೆ" ಅಂದಿದ್ದ. ನಾನ "ಇಲ್ಲೇ ನಿಲ್ಲಸಪಾ, ಫೋನಿನಾಗ ದಾರಿ ತೋರಸ್ತೈತಿ" ಅಂತ ದೊಡ್ಡ ಶ್ಯಾಣ್ಯಾಕಿ ಹಂಗ ಇಳದಿದ್ದೆ. ಫೋನು ತೋರಿಸಿದ ದಾರಿ ಹೋಗಿ ಹೋಗಿ ಮೆಕ್ಕಿಜೋಳದ ಹೊಲದಾಗ ಮುಗೀತು. ತಲಿ ಮಟ ಬೆಳೆದ ಜೋಳ, ಅದರ ಮ್ಯಾಲ ಉಚ್ಚಂಗಿದುರ್ಗದ ಗುಡ್ಡ, ನಡುವ ನಾನು. ಬದುವಿನ ಮ್ಯಾಲ ಒಬ್ಬಾಕಿ ಮುದುಕಿ ಎರಡು ಆಡು ಹಿಡಕೊಂಡು ಕುಂತಿದ್ಲು. "ಯವ್ವಾ, ಹಿಂಗ ಹೋದ್ರ ದುರ್ಗ ಸಿಗತೈತೇನು?" ಅಂದೆ. "ಹಿಂಗ ಹೋದ್ರ ನಮ್ಮ ಬಾವಿ ಸಿಗತೈತಿ. ಬೀಳಾಕ ಬಂದೀಯೇನು?" ಅಂದ್ಲು. ನಗಲಿಲ್ಲ ಮತ್ತ, ಖರೇನ ಕೇಳಿದ್ಲು. "ಯಾವೂರಾಕಿ?" "ಕೊಟ್ಟೂರು." "ಕೊಟ್ಟೂರಾಕಿ ಆಗಿ ದುರ್ಗದ ದಾರಿ ಗೊತ್ತಿಲ್ಲ?" ಏನಂತ ಹೇಳ್ಲಿ? ಕಾಶಿ ಓಣಿ ಓಣಿ ಗೊತ್ತು, ಕಠ್ಮಂಡುದಾಗ ಯಾವ ಅಂಗಡ್ಯಾಗ ಮೆಣಸಿನಕಾಯಿ ಖಾರ ಇರ್ತಾವ ಅನ್ನೋದು ಗೊತ್ತು, ಮನಿ ಹಿತ್ತಲದಾಗಿನ ದೇವರ ದಾರಿ ಗೊತ್ತಿಲ್ಲ. "ಹರಕಿ ತೀರ್ಸಾಕ ಹೊಂಟೀನಬೇ" ಅಂದೆ. "ಎಂಥಾ ಹರಕಿ?" "ವಿಮಾನ ಬಿದ್ದಿತ್ತು." ಆಕಿ ನನ್ನ ಕಾಲಿಂದ ತಲಿ ಮಟ ನೋಡಿದ್ಲು. "ನಿನ್ನ ಮ್ಯಾಲೇನು?" "ಅಲ್ಲಬೇ, ನಾ ಒಳಗಿದ್ದೆ." "ಒಳಗಿದ್ದಾಕಿ ಹೆಂಗ ಉಳದಿ?"

ಎಲ್ಲಾರೂ ಕೇಳೋದು ಅದನ್ನ. ನೀವೂ ಅದನ್ನ ಕೇಳೀರಿ ಅಂತನ ಹೇಳಾಕ ಕುಂತೀನಿ. ಲೇ, ಆ ಟೀವಿ ದನಿ ಸಣ್ಣದು ಮಾಡು. ಮುದುಕಿಗೆ ಹೇಳಿದ್ದನ್ನ ನಿಮಗೂ ಹೇಳ್ತೀನಿ, ಆಕಿ ನಡುವ ಬಾಯಿ ಹಾಕಲಿಲ್ಲ, ನೀವೂ ಹಾಕಬ್ಯಾಡ್ರಿ.

ನಿಮ್ಮ ತಾತ ತೀರಿಕೊಂಡ ಮ್ಯಾಲ ನಾ ಒಂದು ಯಾತ್ರಾ ಬಸ್ಸಿನಾಗ ಅಡಿಗಿಗೆ ಸೇರಿದ್ದು ಗೊತ್ತಲ್ಲ? ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಕಡಿ ಜನಾನ ಕೂಡಿಸಿ ಕಾಶಿ, ಗಯಾ, ಹರಿದ್ವಾರ ತೋರಿಸಿಕೊಂಡು ಬರೋ ಬಸ್ಸು. ಸಿಲಿಂಡರು, ಹಿಟ್ಟಿನ ಮೂಟಿ, ಬೋಗಾಣಿ ಎಲ್ಲಾ ಬಸ್ಸಿನ ನೆತ್ತಿ ಮ್ಯಾಲ, ನಾ ಡ್ರೈವರನ ಹಿಂದಿನ ಸೀಟು. ಕಾಯಿಪಲ್ಯಾದೋರ ಕೂಡ ಜಗಳಾಡಿ ಜಗಳಾಡಿ ಹಿಂದಿ ಬಂತು. ಹಿಂದಿ ಬಂದ ಮ್ಯಾಲ ಸೌಟು ಇನ್ನೊಬ್ಬಾಕಿ ಕೈಯಾಗ ಕೊಟ್ಟು, ನಾನ ಜನರ ಮುಂದ ಧ್ವಜ ಹಿಡಕೊಂಡು ನಡಿಯಾಕತ್ತಿದೆ. ಮುಂದ ಜನಕ್ಕ ರೊಕ್ಕ ಬಂತು, ಸೊಂಟ ಹೋತು, ಬಸ್ಸು ಬ್ಯಾಡ ವಿಮಾನ ಬೇಕು ಅಂದ್ರು. ಹಂಗಾಗಿ ನಾನೂ ವಿಮಾನ ಹತ್ತಿದೆ. ಒಂದು ಸಲ ಅಲ್ಲ, ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ಕೊಟ್ಟೂರಿಂದ ಕೂಡ್ಲಿಗಿಗೆ ಹೋದಂಗ ಹೋಗಿ ಬರ್ತಿದ್ದೆ.

ಬಿದ್ದದ್ದು… ಬಿದ್ದದ್ದು ಅಂತ ಹೇಳ್ತೀನಿ, ಆಕಾಶದಿಂದ ಬೀಳಲಿಲ್ಲ ಅದು. ಅದನ್ನ ಮೊದಲ ತಿಳಕೊಳ್ರಿ. ಬೆಟ್ಟದ ಸೀಮಿ, ರೆಕ್ಕಿಗೆ ಫ್ಯಾನ್ ಇರೋ ಸಣ್ಣ ವಿಮಾನ, ಹೊರಗ ಜಿಟಿಜಿಟಿ ಮಳಿ. ಒಳಗ ಅರ್ಧಕ್ಕರ್ಧ ನಮ್ಮ ಮಂದಿ. ಎಲ್ಲಾರೂ ಚಪ್ಪಲಿ ಕಳದು, ಕಾಲು ಮ್ಯಾಲ ತಗೊಂಡು, ಸೀಟಿನ ಸೊಂಟದ ಪಟ್ಟಿ ಒಳಗ ಚಕ್ಕಳಮಕ್ಕಳ ಹಾಕ್ಕೊಂಡು ಕುಂತಾರ. ಚಕ್ರ ನೆಲಕ್ಕ ಮುಟ್ಟಿದ್ದ ತಡ, ಪಟಪಟಪಟ ಅಂತ ಎಲ್ಲಾರೂ ಪಟ್ಟಿ ಬಿಚ್ಚಿ ಎದ್ದು ನಿಂತ್ರು. ಯಾಕ ಹೇಳ್ರಿ? ಕೊಟ್ಟೂರು ಬಸ್‌ಸ್ಟ್ಯಾಂಡಿನಾಗ ಬಸ್ಸು ನಿಲ್ಲೋದರೊಳಗ ಬಾಗಲದಾಗ ಇರ್ಲಿಲ್ಲ ಅಂದ್ರ ಹತ್ತೋರು ನಮ್ಮನ್ನ ಹೊಳ್ಳಿ ಒಳಗ ನೂಕ್ತಾರ. ಆ ರೂಢಿ. ಅಷ್ಟು ತಿರುಗಿದಾಕಿ ನಾನೂ ಎದ್ದು ನಿಂತೆ ಮತ್ತ. ಗಗನಸಖಿ ಹುಡುಗಿ "ಬೈಠಿಯೇ, ಬೈಠಿಯೇ" ಅಂತ ಒದರಾಕತ್ತಿದ್ಲು, ನಮ್ಮ ಹಗರಿಬೊಮ್ಮನಹಳ್ಳಿ ಯಜಮಾನ ಒಬ್ಬಾಂವ "ನಮ್ದು ಸ್ಟಾಪ್ ಬಂತವ್ವಾ" ಅಂತ ಆಕಿಗೆ ಸಮಾಧಾನ ಹೇಳಾಕತ್ತಿದ್ದ. ವಿಮಾನ ನಿಲ್ಲವಲ್ದು. ಡಾಂಬರು ಮುಗೀತು, ಹುಲ್ಲು ಬಂತು, ಬೇಲಿ ಬಂತು, ಆಮ್ಯಾಲ ಒಂದು ಹೊಲಕ್ಕ ಇಳೀತು ನೋಡ್ರಿ, ದಡಾರ್ ಅಂತ. ನಿಂತೋರೆಲ್ಲಾ ಮೂಟಿ ಉಳ್ಳಿದಂಗ ಮುಂದಕ್ಕ. ಮುಂದಿನ ಸೀಟಿಗೆ ಬಡದು ನನ್ನ ಈ ಮುಂಗೈ ಮುರೀತು, ನೋಡ್ರಿ, ಇನ್ನೂ ಸೊಟ್ಟಗ ಐತಿ. ಪಟ್ಟಿ ಬಿಚ್ಚದ ಉಳದಾಂವ ನಮ್ಮ ಪೈಕಿ ಒಬ್ಬಾಂವನ, ಹಡಗಲಿ ಅಜ್ಜ. ಯಾಕಂದ್ರ ಮಲಗಿದ್ದ. ಕಣ್ಣು ಬಿಟ್ಟು ಕೇಳ್ತಾನ, "ಬಂತೇನು ಊರು?" ಮೈಮ್ಯಾಲ ಒಂದು ತರಚು ಗಾಯ ಇಲ್ಲ.

ಆಮ್ಯಾಲ ವಾಸನಿ ಬಂತು. ಸೀಮಿಎಣ್ಣಿ ವಾಸನಿ, ಜತಿಗೆ ಹೊಗಿ. ಮುಂದಿನ ಬಾಗಲಾ ಬಿಗದು ಕುಂತಿತ್ತು, ಹಿಂದಿಂದು ತಗದ್ರು. ನಮ್ಮ ಮಂದಿ ಏನು ಮಾಡಾಕತ್ಯಾರ? ಮ್ಯಾಲಿನ ಪೆಟ್ಟಿಗಿ ತಗದು ಗಂಟು ಇಳಿಸಾಕತ್ಯಾರ! ಒಬ್ಬಾಕಿ ಅಂತೂ ದಾರ್ಯಾಗ ಅಡ್ಡ ನಿಂತಾಳ, "ನನ್ನ ಗಿಂಡಿ, ಅದರಾಗ ಗಂಗಾಜಲ ಐತ್ರೀ" ಅಂತ. "ಗಂಗವ್ವ ಮತ್ತ ಸಿಗ್ತಾಳ, ನೀ ಸಿಗಂಗಿಲ್ಲ, ನಡಿ!" ಅಂತ ಒಂದು ಸಲ ಹೊಯ್ಕೊಂಡೆ ನೋಡ್ರಿ, ಯಾತ್ರಾದಾಗ ಜನಾನ ಊಟಕ್ಕ ಎಬ್ಬಿಸೋ ದನ್ಯಾಗ. ಆ ದನಿಗೆ ಅವರು ಹೆದರ್ತಿದ್ರು. ಬಿಟ್ರು. ಜಾರಿ ಇಳದ್ವಿ, ಬರೇಗಾಲಿಲೆ ಕಲ್ಲು ಕೆಸರಿನಾಗ ಓಡಿದ್ವಿ. ದೂರ ಹೋಗಿ ಹೊಳ್ಳಿ ನೋಡಿದ್ರ ಒಂದು ಕಡಿ ರೆಕ್ಕಿಗೆ ಉರಿ ಹತ್ತಿತ್ತು. ಯಾರೂ ಸಾಯಲಿಲ್ಲ. ಕೈ ಮುರೀತು, ಹಲ್ಲು ಹೋದುವು, ಒಬ್ಬಾಂವಂದು ಪಕ್ಕಡಿ ಎಲುಬು. ಯಾರೂ ಸಾಯಲಿಲ್ಲ ಅಂತ ನಮ್ಮ ಪೇಪರಿನಾಗ ಸುದ್ದಿನೂ ಬರ್ಲಿಲ್ಲ. ಅದ ನೋಡ್ರಿ ಮಜಾ. ವಿಮಾನ ಕೆಟ್ಟು ಉಳದು ಬಂದೋರು ಬಾಳ ಮಂದಿ ಅದಾರ, ಎದ್ದು ಮಣ್ಣು ಜಾಡಿಸಿಕೊಂಡು ಮನಿಗೆ ಹೋಗಿರ್ತಾರ. ನಮಗ ಕಾಣೋದು ಯಾರೂ ಉಳೀಲಾರದ್ದು ಒಂದ. ಅಂಥಾದ್ದು ಆಗಂಗಿಲ್ಲ ಅಂತ ನಾ ಸುಳ್ಳು ಹೇಳಂಗಿಲ್ಲ, ಆಗತೈತಿ. ಆದ್ರ ಕೂಡ್ಲಿಗಿ ಹೈವೇದಾಗ ಹೆಲ್ಮೆಟ್ ಇಲ್ದ ಮೂರು ಮಂದಿ ಒಂದು ಬೈಕಿನ ಮ್ಯಾಲ ಹೋಗ್ತೀರಲ್ಲ, ನೀವ, ಹೌದು ನೀವ, ಅದಕ್ಕ ನಾ ಹೆಚ್ಚು ಅಂಜತೀನಿ.

ಹಾಂ, ಹರಕಿ. ಆಸ್ಪತ್ರ್ಯಾಗ ಕೈಗೆ ಪಟ್ಟಿ ಕಟ್ಟಿಸಿಕೊಂಡು ತಂಗಿಗೆ ಫೋನ್ ಮಾಡಿದೆ. ನಿಮ್ಮ ಸಣ್ಣಜ್ಜಿ ಕೊಟ್ರಮ್ಮ, ಗೊತ್ತಲ್ಲ ಆಕಿ ಸ್ವಭಾವ. ನಾ "ಉಳದೀನಿ" ಅನ್ನೋದ್ರಾಗ ಆಕಿ ಫೋನಿನಾಗನ ಹರಕಿ ಹೊತ್ತುಬಿಟ್ಲು. "ಉಚ್ಚೆಂಗೆವ್ವಾ, ನಮ್ಮಕ್ಕ ಸುಸೂತ್ರ ಮನಿ ಮುಟ್ಟಿದ್ರ ಐದು ಮನಿ ಹಿಟ್ಟು ಬೇಡಿ, ರೊಟ್ಟಿ ಬಡದು, ನಿನಗ ಎಡಿ ಹಿಡೀತಾಳವ್ವಾ." ನಾ ಕೇಳಿದೆ, "ಹಿಡೀತಾಳ ಅಂದ್ರ? ಬೇಡೋದು ನೀನೋ ನಾನೋ?" "ಉಳದಾಕಿ ನೀನು. ನಾ ಯಾಕ ಬೇಡ್ಲಿ?" ಹಿಂಗ ಆಕಿ ಬಾಯಿಲೆ ಹೊತ್ತ ಹರಕಿ ನನ್ನ ತಲಿಗೆ ಕಟ್ಟಿದ್ಲು. ಬಂದ ಮ್ಯಾಲ ಇವತ್ತು ನಾಳೆ ಅಂತ ಮುಂದಕ್ಕ ಹಾಕಿದೆ. ಕೈ ಎಲುಬು ಕೂಡಿದ ಕೂಡ್ಲೆ ಮತ್ತ ವಿಮಾನ ಹತ್ತಿದೆ. ಬೇಡೋದು ಅಂದ್ರ ನನಗ ಆಗ್ತಿರಲಿಲ್ರೆಪಾ. ಗಂಡ ಸತ್ತಾಗ ಬಂಧು ಬಳಗದ ಮುಂದ ಕೈ ಒಡ್ಡಬಾರದು ಅಂತನ ಬಸ್ಸು ಹತ್ತಿದಾಕಿ ನಾನು. ಕೊಟ್ರಮ್ಮ ಮಾತ್ರ ಪ್ರತಿ ಅಮಾಸಿಗೂ ನೆನಪು ಮಾಡ್ತಿದ್ಲು, "ಉಚ್ಚೆಂಗೆವ್ವಂದು ಬಾಕಿ ಐತಿ." "ಆಕಿಗೇನು ಅವಸರ?" ಅಂತಿದ್ದೆ.

ಅವಸರ ಬಂತು. ಕೊಟ್ರಮ್ಮನ ಮಗಳು ಸುಮಾ, ಗಂಡ ಮಿಲಿಟ್ರ್ಯಾಗ, ಆಕಿ ಇರೋದು ಅಸ್ಸಾಮಿನ ಆಚಿ ತುದಿ. ಆಕಿ ಬಸರಿ, ಅತ್ತಿ ಇಲ್ಲ, ಡಾಕ್ಟರು ಹಾಸಿಗಿ ಬಿಟ್ಟು ಏಳಬ್ಯಾಡ ಅಂದಾರ, ಗಂಡ ಗಡಿ ಮ್ಯಾಲ. ರೈಲಿನಾಗ ಹೋಗಿ ಮುಟ್ಟೋದ್ರಾಗ ಏನಾಗತೈತೋ. ವಿಮಾನನ ಆಗಬೇಕು. "ನಾ ಬರ್ತೀನವಾ" ಅಂದ್ರ ಆ ಕೂಸು ಫೋನಿನಾಗ ಅಳಾಕತ್ತಿತು, "ದೊಡ್ಡವ್ವಾ, ನನಗ ಅವ್ವ ಬೇಕು. ಅವ್ವನ ಕಳಸು." ಕೊಟ್ರಮ್ಮ ಏನಂತಾಳ? "ನಿನ್ನ ಹರಕಿ ಬಾಕಿ ಇಟ್ಟುಕೊಂಡು ನಾ ವಿಮಾನ ಹತ್ತಿದ್ರ ಉಚ್ಚೆಂಗೆವ್ವ ಅರ್ಧಕ್ಕ ಇಳಸ್ತಾಳ." ನಾ ಕುಂದ್ರಿಸಿಕೊಂಡು ತಿಳಿಸಿ ಹೇಳಿದೆ. ಇಬ್ಬರು ಡ್ರೈವರು ಇರ್ತಾರ, ಒಂದು ಇಂಜಿನು ನಿಂತ್ರ ಇನ್ನೊಂದು ಎಳಕೊಂಡು ಹೋಗತೈತಿ, ಹಾರೋಕಿಂತ ಮೊದಲ ದಿನಾ ಮೈಯೆಲ್ಲಾ ನೋಡ್ತಾರ ಅಂತ. "ಬಸ್ಸು ಕೆಟ್ರ ಇಳದು ಗಿಡದ ನೆರಳಿಗೆ ನಿಂದರಬೌದು. ವಿಮಾನ ಕೆಟ್ರ ಎಲ್ಲಿ ನಿಂದರ್ಲಿ?" "ಎರಡೂ ಇಂಜಿನು ನಿಂತ್ರೂ ಗಾಳಿಪಟದಂಗ ತೇಲಿಕೋತ ಸ್ವಲ್ಪ ದೂರ ಹೋಗತೈತಿ ಅದು." "ಮುಂದ?" "ಮುಂದ ಜಾಗ ನೋಡಿ ಇಳಸ್ತಾರ." "ಎಲ್ಲಿ, ನಿನ್ನ ಇಳಿಸಿದ್ರಲ್ಲ, ಹಂಗ?" ಮಗಳ ಫೋನು ಬಂದ್ರ ತಗೋತಿರಲಿಲ್ಲ, ಒಲಿ ಮುಂದ ಕುಂತು ಅಳ್ತಿದ್ಲು. ಹೋಗಬೇಕು ಅಂತಾಳ, ಹತ್ತಂಗಿಲ್ಲ ಅಂತಾಳ. ಆಕಿ ಟಿಕೀಟಿಗೆ ಇನ್ನ ಎರಡ ದಿನ ಉಳದಿತ್ತು. ಇನ್ನ ಆಕಿಗೆ ವಿಮಾನದ ಪಾಠ ಹೇಳಿ ಉಪಯೋಗಿಲ್ಲ ಅಂತ ಬೆಳಿಗ್ಗೆದ್ದು ಒಂದು ಬುಟ್ಟಿ ತಗೊಂಡು ಹೊಂಟೆ.

ಇಷ್ಟೆಲ್ಲಾ ಕೇಳಿ ಆ ಬದುವಿನ ಮುದುಕಿ ಆಡಿನ ಹಗ್ಗ ನನ್ನ ಕೈಯಾಗ ಕೊಟ್ಲು. "ಹಿಡಕೋ" ಅಂದು ಹೊಲದಾಗಿನ ಗುಡಿಸಲಿಗೆ ಹೋದ್ಲು. ಹಿಡಿ ತುಂಬ ಹಿಟ್ಟು ತಂದು, "ಬೇಡು" ಅಂದ್ಲು. ನಾ ಬುಟ್ಟಿ ಮುಂದ ಹಿಡದೆ. "ಬಾಯಿಲೆ ಬೇಡಬೇಕವ್ವಾ. ಸುಮ್ನ ಕೊಟ್ರ ಅದು ದಾನ ಆಗತೈತಿ, ಹರಕಿ ಆಗಂಗಿಲ್ಲ." ಹಿಂದಿಯೊಳಗ ಜಗಳಾಡಬಲ್ಲೆ, ಬೇಡೋದು ಮಾತ್ರ ಕಲಿತಿಲ್ಲ. ಕಡಿಗೆ ನೆಲ ನೋಡಿಕೋತ ಅಂದೆ, "ಉಚ್ಚೆಂಗೆವ್ವನ ಹೆಸರಿಲೆ ಒಂದು ಹಿಡಿ ಹಿಟ್ಟು ನೀಡವ್ವಾ." ನೀಡಿದ್ಲು. ಮೆಕ್ಕಿಜೋಳದ್ದು. "ಬಿಳಿಜೋಳ ಇಲ್ಲೇನಬೇ?" ಅಂದೆ. "ಬೇಡೋ ಬಾಯಿಗೆ ಆರಿಸೋ ಚಾಳಿ ಬ್ಯಾರೆ" ಅಂತ ಬೈದು, ದಾರಿ ತೋರಿಸಿದ್ಲು. ಬಂದ ದಾರೀನ ಹೊಳ್ಳಿ ಹೋಗಿ, ಟ್ಯಾಂಕಿನ ಹತ್ರ ಎಡಕ್ಕ.

ಗುಡ್ಡದ ಬುಡದ ಊರಾಗ ಉಳದ ಮನಿ ಬೇಡಿದೆ. ಒಂದು ಮನ್ಯಾಗ ರಾಗಿ ಹಿಟ್ಟು, ಒಂದರಾಗ ಅಕ್ಕಿ ಹಿಟ್ಟು. ಇನ್ನೊಂದು ಮನಿ ಸೊಸಿ ನನ್ನ ಕನ್ನಡಕ, ವ್ಯಾನಿಟಿ ಬ್ಯಾಗು ನೋಡಿ "ಯಾವ ಸಂಘದೋರ್ರೀ? ಸಾಲ ಕಟ್ಟೀವಲ್ಲ" ಅಂದ್ಲು. ಹರಕಿ ಅಂದ ಮ್ಯಾಲ ತಲಿ ಮ್ಯಾಲ ಸೆರಗು ಹಾಕ್ಕೊಂಡು ಬಂದು, ಬಗ್ಗಿ, ಎರಡೂ ಕೈಲೆ ಹಾಕಿದ್ಲು. ಕಡೀ ಮನ್ಯಾಗ ಜೋಳದ ಹಿಟ್ಟು ಸಿಕ್ತು. ಆ ಮನಿ ಯಜಮಾಂತಿ ಒಲಿನೂ ಬಿಟ್ಟುಕೊಟ್ಲು. ಆ ಕಲಬೆರಕಿ ಹಿಟ್ಟಿನಾಗ ರೊಟ್ಟಿ ಬಡಿಯೋದು ಅಂದ್ರ… ನೂರು ಮಂದಿಗೆ ಅಡಿಗಿ ಮಾಡಿದಾಕಿ ನಾನು, ಹಂಚಿನ ಮ್ಯಾಲ ಹಾಕೋದ್ರಾಗ ಹರೀತಿದ್ದುವು. ಆಕಿ ಪಾಪ, ನಗು ತಡಕೊಂಡು ಪುಂಡಿಪಲ್ಯ ಕಟ್ಟಿಕೊಟ್ಲು.

ಗುಡ್ಡ ಹತ್ತಿ, ಗುಡಿ ಮುಂದ ಕುಂತು ಕೊಟ್ರಮ್ಮಗ ವಿಡಿಯೋ ಫೋನ್ ಹಚ್ಚಿದೆ. ಆಕಿ ಕನ್ನಡಕ ಏರಿಸಿ ನೋಡಿದ್ಲು. "ಹರದಾವಲ್ಲ ರೊಟ್ಟಿ?" "ಐದು ಮನಿ ಹಿಟ್ಟು, ಒಂದಕ್ಕೊಂದು ಹೊಂದವಲ್ದು." "ನೀನ ಬೇಡಿದಿ? ಬಾಯಿಲೆ?" "ಬಾಯಿಲೆನ ಬೇಡೀನಿ, ಕೊಟ್ರಮ್ಮಾ." ಕಣ್ಣು ಒರಸಿಕೊಂಡ್ಲು. ಆಮ್ಯಾಲ ಫೋನು ಎಲ್ಲೋ ಒರಗಿಸಿದ್ಲು, ಬರೇ ಆಕಿ ಮನಿ ಜಂತಿ ಕಾಣಾಕತ್ತಿದ್ದುವು. ಟ್ರಂಕಿನ ಮುಚ್ಚಳ ತಗದ ಸಪ್ಪಳ ಕೇಳ್ತು. ಅಲ್ಲಿಂದನ ಒದರಿ ಕೇಳಿದ್ಲು, "ಅಕ್ಕಾ, ಬಾಣಂತಿಗೆ ಅಂಟಿನುಂಡಿ ಮಾಡೀನಿ, ಡಬ್ಬಿ ವಿಮಾನದಾಗ ಬಿಡ್ತಾರೇನು?"

"ಬಿಡ್ತಾರ" ಅಂದೆ. ಫೋನ್ ಇಟ್ಟು ಒಳಗ ಹೋಗಿ, ಹರದ ರೊಟ್ಟಿನ್ನ ಒಂದರ ಮ್ಯಾಲ ಒಂದು ಜೋಡಿಸಿ ಅವ್ವನ ಮುಂದ ಎಡಿ ಇಟ್ಟೆ, ಅಡ್ಡಬಿದ್ದೆ. ನನ್ನ ಹರಕಿ ಅವ್ವಗ ಮುಟ್ಟಿತು. ಅಂಜಿದೋರಿಗೆ ಬರೇ ಬುದ್ಧಿ ಹೇಳ್ಕೋತ ಕುಂದರಬ್ಯಾಡ್ರಿ, ಅವರು ಕೇಳಿದ್ದು ನಿಮ್ಮ ಕೈಲೆ ಆಗೋದಿದ್ರ ಮಾಡಿಬಿಡ್ರಿ. ಏಳ್ರಿ ಇನ್ನ, ತಾಟು ಹಾಕ್ರಿ.