ತೊಲೆಯ ಮೇಲೆ ಅನಸೂಯ

ಈ ಸಂಜೆಯ ಅಧ್ಯಕ್ಷರಾದ ವೆಂಕಟರಾಯಪ್ಪನವರೇ, ಬಸ್ಸು ತಡವಾದರೂ ಬಂದು ತಲುಪಿದ ಮುಖ್ಯ ಅತಿಥಿಗಳೇ, ನನ್ನ ಸಹೋದ್ಯೋಗಿಗಳೇ, ಪಾಳಿ ಬದಲಿಸಿಕೊಂಡು ಬಂದಿರುವ ಪೋಷಕರೇ, ಸಭಿಕರೇ, ನನ್ನ ಮಕ್ಕಳೇ,

ಡ್ರಿಲ್ ಮಾಸ್ಟರ್ ಉಮಾಶಂಕರನಿಗೆ ಮೈಕು ಯಾಕೆ, ಗಂಟಲು ಸಾಲದೇ ಎಂದು ಇದೀಗ ಯಾರೋ ನಕ್ಕರು. ನಿಜ. ಆದರೆ ಇವತ್ತು ನಾನು ಹೇಳಬೇಕಾದದ್ದು ಕೂಗಿ ಹೇಳುವಂಥದ್ದಲ್ಲ.

ಈ ವಾರ್ಷಿಕೋತ್ಸವದಲ್ಲಿ ಏಳನೇ ತರಗತಿಯ ಅನಸೂಯಳಿಗೆ ಶಾಲು ಹೊದಿಸುತ್ತಿದ್ದೇವೆ. ರಾಜ್ಯಮಟ್ಟದ ಜಿಮ್ನಾಸ್ಟಿಕ್ಸ್‌ನಲ್ಲಿ ಅವಳಿಗೆ ನಾಲ್ಕನೇ ಸ್ಥಾನ. ಪದಕವೇ ಬರದವಳಿಗೆ ಸನ್ಮಾನ ಯಾಕೆ ಎಂದು ಸಮಿತಿಯಲ್ಲಿ ಕೇಳಿದರು. ಕೇಳಬೇಕಾದ ಪ್ರಶ್ನೆಯೇ.

ನಮ್ಮ ದೊಡ್ಡಬಳ್ಳಾಪುರದಲ್ಲಿ ಜಿಮ್ನಾಸ್ಟಿಕ್ಸ್ ಎಂದರೆ 'ಸರ್ಕಸ್ಸಾ ಸಾರ್?' ಎನ್ನುತ್ತಿದ್ದ ಕಾಲದಲ್ಲಿ ನಾವು ಇದನ್ನು ಶುರುಮಾಡಿದೆವು. ಮಗ್ಗದ ಮನೆಗಳವರು ಕೊಟ್ಟ ನೂಲಿನ ಚಿಂದಿಯನ್ನು ತುಂಬಿ ಹಾಸಿಗೆ ಹೊಲಿಸಿದೆವು. ಅಂಗೈಯಗಲದ ಒಂದು ತೊಲೆಯನ್ನು ಎದೆಮಟ್ಟಕ್ಕೆ ಅಡ್ಡಲಾಗಿ ಕೂರಿಸಿದೆವು. ಬಾಶೆಟ್ಟಿಹಳ್ಳಿ ಕಾರ್ಖಾನೆಯಲ್ಲಿ ದುಡಿಯುವ ರಾಮಾಂಜಿನಪ್ಪನವರ ಮಗಳು ಅನಸೂಯ ಆ ತೊಲೆಯ ಮೇಲೆ ನಡೆದರೆ ಓಣಿಯಲ್ಲಿ ನಡೆದಂತೆ ಇರುತ್ತಿತ್ತು.

ಕಳೆದ ವರ್ಷ, ಹಿಂದಕ್ಕೆ ಬಾಗಿ ಕೈಯೂರಿ ಮಗುಚುವಾಗ ಅವಳು ಬಿದ್ದಳು. ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿಸಿ, ಡಾಕ್ಟರು ಒಪ್ಪಿದ ಮೇಲೆ ಮತ್ತೆ ಬಂದಳು, ತೊಲೆ ಹತ್ತಿದಳು. ಬಾಗಲು ಮಾತ್ರ ಆಗಲಿಲ್ಲ. ಕಾಲು ಗಡಗಡ ನಡುಗುತ್ತಿತ್ತು.

ನಾನು ಹುರಿದುಂಬಿಸಿದೆ. ಹುರಿದುಂಬಿಸುವುದು ಎಂದರೆ ನನಗೆ ಗೊತ್ತಿದ್ದದ್ದು ಏನು? ಮೊದಲು ಹೊಗಳಿದೆ, ಆಮೇಲೆ ಗದರಿದೆ. 'ಧೈರ್ಯ ಇದ್ದೋರಿಗೆ ಭಯ ಅನ್ನೋದೇ ಇರಲ್ಲ ಕಣಮ್ಮ' ಎಂದೆ. ಅವಳು ತೊಲೆಯ ಮೇಲಿಂದಲೇ ಕೇಳಿದಳು:

"ಸಾರ್, ನೀವು ಯಾವತ್ತಾದ್ರೂ ಬಿದ್ದಿದ್ದೀರಾ?"

"ಬಿದ್ದಿದ್ದೀನಮ್ಮ. ಕಾಲೇಜಲ್ಲಿ, ಕಂಬಿಯಿಂದ. ಭುಜ ಹೋಯ್ತು."

"ಆಮೇಲೆ ಮತ್ತೆ ಹತ್ತಿದ್ರಾ?"

ಸಭಿಕರೇ, ಮಕ್ಕಳ ಮುಂದೆ ಸುಳ್ಳು ಹೇಳುವುದು ಬಹಳ ಸುಲಭ. ಅವತ್ತು ಯಾಕೋ ಬಾಯಿ ಬರಲಿಲ್ಲ.

"ಇಲ್ಲಮ್ಮ. ಹತ್ತಲಿಲ್ಲ. ಭಯ ಆಯ್ತು."

ಭುಜ ವಾಸಿಯಾಗಿತ್ತು. ನಾನೇ ವಾಸಿಯಾಗಲಿಲ್ಲ. ಈ ಮಾತು ನನ್ನ ಹೆಂಡತಿಗೂ ಹೊಸದು. ಮೂರನೇ ಸಾಲಿನಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದಾಳೆ. ಇರಲಿ.

ಅನಸೂಯ ನಗಲಿಲ್ಲ. "ನಂಗೂ ಹಂಗೇ ಆಗ್ತಿದೆ ಸಾರ್" ಎಂದು ಕೆಳಗಿಳಿದಳು. ಮುಗಿಯಿತು, ಇನ್ನು ಬರುವುದಿಲ್ಲ ಎಂದುಕೊಂಡೆ. ಮರುದಿನ ಎಲ್ಲರಿಗಿಂತ ಮುಂಚೆ ಬಂದಿದ್ದಳು. ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಚಿಕ್ಕ ಮಕ್ಕಳನ್ನು ಅದರ ಮೇಲೆ ನಿಲ್ಲಿಸಿಕೊಂಡು, ಸೊಂಟಕ್ಕೆ ಕೈಕೊಟ್ಟು ಬಾಗಿಸುತ್ತಿದ್ದಳು. ಮೂರನೇ ತರಗತಿಯ ಅಕ್ಷತ ಅಳುತ್ತಿತ್ತು.

"ಅಕ್ಕಾ, ಭಯ ಆಗತ್ತೆ."

"ಆಗ್ಲಿ ಬಿಡೇ. ಭಯ ಆದ್ರೆ ಆಗ್ಲಿ. ಕೈ ಮಾತ್ರ ಬಿಗಿಯಾಗಿಟ್ಕೋ. ನಾನು ಹಿಡ್ಕೊಂಡಿದ್ದೀನಲ್ಲ."

ಧೈರ್ಯವಂತರಿಗೆ ಭಯವಿಲ್ಲ ಎಂದಿದ್ದೆ ನಾನು. ಭಯ ಆಗಲಿ ಬಿಡು ಎಂದಳು ಇವಳು. ಯಾವುದು ಪಾಠ, ನೀವೇ ಹೇಳಿ!

ಹೀಗೇ ಕೆಲವು ವಾರ ನಡೆಯಿತು. ಮಕ್ಕಳು ಒಬ್ಬೊಬ್ಬರಾಗಿ ಕಲಿತರು. ಕೊನೆಗೆ ಗೆರೆಯ ಮೇಲೆ ಮಗುಚಿ ಎದ್ದ ಅಕ್ಷತ, "ಈಗ ನೀನು ಮಾಡಕ್ಕಾ. ಮೇಲೆ" ಎಂದು ತೊಲೆಯ ಕಡೆ ಬೆರಳು ತೋರಿಸಿತು.

ಅನಸೂಯ ನನ್ನ ಮುಖ ನೋಡಿದಳು. ನಾನು ಹಾಸಿಗೆಯನ್ನು ಎಳೆದು ಸರಿಮಾಡಿ ಪಕ್ಕದಲ್ಲಿ ನಿಂತೆ, ಅಷ್ಟೇ. ಅವಳು ಹತ್ತಿದಳು. ಕಾಲು ಆಗಲೂ ನಡುಗುತ್ತಿತ್ತು. ನನ್ನ ಕಣ್ಣಿನ ಮಟ್ಟದಲ್ಲೇ ಇತ್ತಲ್ಲ, ಕಂಡಿತು. ಕೈಯೆತ್ತಿದಳು, ಬಾಗಿದಳು. ಮುರಿದು ಕೂಡಿದ್ದ ಆ ಕೈ ತೊಲೆಯನ್ನು ಹಿಡಿಯಿತು, ಕಾಲುಗಳೆರಡೂ ಆಕಾಶಕ್ಕೆ ಹೋದವು, ಮತ್ತೆ ಒಂದರ ಹಿಂದೆ ಒಂದು ಮರದ ಮೇಲೆ ಬಂದು ನಿಂತವು.

ಒಂದು ಮಗುವೂ ಚಪ್ಪಾಳೆ ತಟ್ಟಲಿಲ್ಲ. ಗರ್ಭಗುಡಿಯ ತೆರೆ ಸರಿದಾಗ ನಿಲ್ಲುತ್ತೇವಲ್ಲ, ಹಾಗೆ ನಿಂತಿದ್ದರು. ನಾನೂ ನಿಂತಿದ್ದೆ. ಹನ್ನೆರಡು ವರ್ಷದ ಮಗುವಿಗೆ ಕೈಮುಗಿಯಬೇಕು ಎನಿಸಿದ್ದು ನನಗೆ ಜೀವಮಾನದಲ್ಲಿ ಅದೊಂದೇ ಸಲ.

ತೊಲೆಯ ಮೇಲೆ ನಿಂತೇ ಅವಳು ಮೂಗು ಒರೆಸಿಕೊಂಡು ಕೇಳಿದಳು: "ಇನ್ನೊಂದ್ಸಲ ಮಾಡ್ಲಾ ಸಾರ್?"

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ ನಿಮಗೆಲ್ಲ ನಾನು ಋಣಿ. ಅನಸೂಯ, ವೇದಿಕೆಗೆ ಬಾಮ್ಮ. ಎಲ್ಲರಿಗೂ, ಮೊದಲು ನಿನಗೆ, ನನ್ನ ನಮಸ್ಕಾರ.