ಬೀಗ ಹಾಕಿದ ಮನೆಗಳು

ಖಾತೆ ನಕಲಿಗೆಂದು ಪಟ್ಟಣ ಪಂಚಾಯಿತಿಯ ಕಟ್ಟೆಯ ಮೇಲೆ ಕಾದು ಬೇಸತ್ತಿದ್ದ ಭವ್ಯಳ ಕಿವಿ ಪಕ್ಕದ ಇಬ್ಬರ ಮಾತಿನತ್ತ ತಿರುಗಿತು. ಮುಂದಿನ ಇಪ್ಪತ್ತು ವರ್ಷದ ವಸತಿ ಯೋಜನೆಯನ್ನು ಗೋಡೆಗೆ ಅಂಟಿಸಿದ್ದರು. ಹೊನ್ನೂರಪ್ಪ ಅದನ್ನು ಅಕ್ಕ ಗಾಳೆಮ್ಮನಿಗೆ ಓದಿ ಹೇಳುತ್ತಿದ್ದ.

"ನಮ್ಮ ಓಣ್ಯಾಗ ಹನ್ನೊಂದು ಮನಿ ಖಾಲಿ ಅದಾವಂತ ಯಕ್ಕಾ. ಅದಕ್ಕ ಹೊಸಾ ಸೈಟು ಬ್ಯಾಡಂತ."

"ಖಾಲಿನಾ? ಒಂದೊಂದು ಮನ್ಯಾಗ ಮೂರು ಮೂರು ಸಂಸಾರ ಅದಾವಲ್ಲೋ!"

"ಸರ್ವೇದವ್ರು ಬಂದಾಗ ಬಾಗ್ಲಿಗೆಲ್ಲಾ ಬೀಗ ಇತ್ತಂತ."

"ಬಾಳಿಗೊನಿ ಕಡಿಯಾಕ ಹೋಗಿದ್ವಿ. ಹಗಲೊತ್ತಿನ್ಯಾಗ ಮನ್ಯಾಗ ಯಾರು ಕುಂದರ್ತಾರ?"

"ತಕರಾರು ಕೊಡಾಕ ಇವತ್ತ ಕಡೀ ದಿನ."

"ಯಾರ ಕೈಯಾಗ ಕೊಡ್ಲಿ? ಮುಂಜಾನಿಂದ ಆಫೀಸಿಗೆ ಬೀಗ ಐತಿ."

"ಎಲ್ಲಾರೂ ಮೀಟಿಂಗಿಗೆ ಹೋಗ್ಯಾರಂತ."

ಗಾಳೆಮ್ಮ ಸೆರಗು ಕೊಡವಿ ಎದ್ದು, ಸೈಟು ಕೇಳಿ ಬರೆಸಿ ತಂದಿದ್ದ ಅರ್ಜಿಯನ್ನೇ ಆಫೀಸಿನ ಬಾಗಿಲ ಸಂದಿಗೆ ತುರುಕಿದಳು.

"ಹಂಗಾರ ಇದೂ ಖಾಲಿ ಮನೀನ. ನಡಿ, ನಾಳಿ ಒಂದು ಸಂಸಾರ ಇಲ್ಲಿಗೇ ತಂದು ಇಳಸೂನು."

ಇಬ್ಬರೂ ಬಸ್ ನಿಲ್ದಾಣದತ್ತ ನಡೆದುಬಿಟ್ಟರು.